ದುರುಗಪ್ಪ, ಡ್ರಿಲ್ಲರ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಂಬುವವರ ಪೈಕಿಯವನಲ್ಲ ನಾನು. ನಂಬುವುದಿರಲಿ, ನಂಬುವವರನ್ನು ಗೇಲಿ ಮಾಡುವುದೆಂದರೆ ನನಗೆ ಹಬ್ಬದೂಟ ಉಂಡಷ್ಟು ಖುಷಿ. ಮರಿಯಮ್ಮನಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ನಮ್ಮಪ್ಪನದು ಪಂಕ್ಚರ್ ಅಂಗಡಿ. ಲಾರಿ ಡ್ರೈವರುಗಳು ಟೈರು ಬಿಚ್ಚಿಸಿ ಕೂತು ಹೇಳುತ್ತಿದ್ದ ದೆವ್ವದ ಕತೆಗಳನ್ನು ಕೇಳಿಯೇ ನಾನು ದೊಡ್ಡವನಾದದ್ದು. ಅವರಲ್ಲಿ ಪ್ರತಿಯೊಬ್ಬನೂ ಬಿಳಿ ಸೀರೆಯ ಹೆಂಗಸನ್ನು ಕಂಡವನೇ. ಆದರೆ ಒಬ್ಬನೂ ಆಕೆಯನ್ನು ಹಗಲು ಹೊತ್ತು ಕಂಡಿರಲಿಲ್ಲ, ಕುಡಿಯದೆ ಇದ್ದಾಗಲೂ ಕಂಡಿರಲಿಲ್ಲ.

ನನ್ನ ಕತೆಯ ಕಷ್ಟ ಇರುವುದೇ ಅಲ್ಲಿ. ಅದು ನಡೆದದ್ದು ಹಾಡಹಗಲು, ಒಂದು ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರೊಳಗೆ. ಅವತ್ತು ನಾನು ಚಹಾ ಬಿಟ್ಟು ಬೇರೇನನ್ನೂ ಕುಡಿದಿರಲಿಲ್ಲ. ಹೆಂಡತಿಗೆ ಒಮ್ಮೆ ಇದನ್ನು ಹೇಳಲು ಹೋಗಿ, ನಡುವೆ ಆಕೆ ನನ್ನ ಮುಖ ನೋಡಿದ ರೀತಿಗೆ ಮಾತು ಬದಲಿಸಿದ್ದೆ. ಬರೆಯುವಾಗ ಆ ಅಡಚಣೆ ಇಲ್ಲ, ನಿಮ್ಮ ಮುಖ ನನಗೆ ಕಾಣುವುದಿಲ್ಲ.

ಕಬ್ಬಿಣದ ಅದಿರಿಗೆ ಬಂಗಾರದ ಕಾಲ ಬಂದಿದ್ದ ದಿನಗಳವು. ಹೊಸಪೇಟೆಯಲ್ಲಿ ಒಗೆದು ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಸಂಡೂರಿನ ಗುಡ್ಡದಲ್ಲಿ ಗಣಿ ಇದ್ದ ಒಂದು ಕಂಪನಿಯ ಹೊಸಪೇಟೆ ಆಫೀಸಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಓದಿದ್ದು ಬಳ್ಳಾರಿಯಲ್ಲಿ ಡಿಪ್ಲೊಮಾ, ಆದರೂ ಆಫೀಸಿನಲ್ಲಿ ಎಲ್ಲರೂ ಎಂಜಿನಿಯರ್ ಎಂದೇ ಕರೆಯುತ್ತಿದ್ದರು, ನಾನೂ ತಿದ್ದಲು ಹೋಗಿರಲಿಲ್ಲ. ಮೇಲ್ ಸರ್ವರ್ ಇಟ್ಟಿದ್ದ ಕೋಣೆಗೆ ಎಸಿ ಇತ್ತು. ಮಾಲೀಕರ ಕೋಣೆ ಬಿಟ್ಟರೆ ಎಸಿ ಇದ್ದದ್ದು ಅಲ್ಲಿ ಮಾತ್ರ, ಹಾಗಾಗಿ ಬೇಸಿಗೆಯಲ್ಲಿ ಅರ್ಧ ಆಫೀಸು ಬುತ್ತಿ ಬಿಚ್ಚುತ್ತಿದ್ದದ್ದು ಸರ್ವರ್ ಎದುರಿಗೇ. ಆಯುಧಪೂಜೆಯ ದಿನ ಯಾರೋ ಅದಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದಾಗ, ವೈರಸ್ ಬಂದರೆ ನಿಂಬೆಹಣ್ಣನ್ನೇ ಕರೆಯಿರಿ, ನನ್ನನ್ನು ಕರೆಯಬೇಡಿ ಎಂದು ರೇಗಿಸಿದ್ದೆ.

ಮೇಲ್‌ನ ಕೊನೆಯಲ್ಲಿ ಕಳಿಸಿದವರ ಹೆಸರು, ಹುದ್ದೆ, ಫೋನ್ ನಂಬರು ಇರುತ್ತದಲ್ಲ, ಅದಕ್ಕೆ ಸಿಗ್ನೇಚರ್ ಎನ್ನುತ್ತಾರೆ. ನಮ್ಮ ಕಂಪನಿಯಲ್ಲಿ ಅದನ್ನು ಅವರವರೇ ಬರೆದುಕೊಳ್ಳುತ್ತಿದ್ದರು, ಅವರವರ ಭಾವಕ್ಕೆ ತಕ್ಕಂತೆ. ಸ್ಟೋರ್ಸ್ ಗುಮಾಸ್ತನದು ತಿರುಗುವ ಗುಲಾಬಿ ಹೂ. ಲಾರಿ ವಿಭಾಗದ ಒಬ್ಬರದು ಹೆಸರಿನ ಮುಂದೆ ಬಿ.ಎ., ಅದರ ಮುಂದೆ ಎರಡು ವಿಷಯ ಬಾಕಿ ಎಂಬ ಪ್ರಾಮಾಣಿಕ ಮಾತು. ಅದಿರು ಕೊಳ್ಳುವ ಪರದೇಶದವರೊಬ್ಬರು ಈ ಗುಲಾಬಿ ಯಾವ ದರ್ಜೆಯ ಅಧಿಕಾರಿಯ ಗುರುತು ಎಂದು ಕೇಳಿದ ಮೇಲೆ ಮಾಲೀಕರಿಗೆ ಅವಮಾನವಾಯಿತು. ಇನ್ನು ಮುಂದೆ ಎಲ್ಲರ ಮೇಲ್‌ಗೂ ಒಂದೇ ನಮೂನೆಯ ಸಿಗ್ನೇಚರ್ ತಾನಾಗಿಯೇ ಬೀಳಬೇಕು ಎಂದು ನನಗೆ ಅಪ್ಪಣೆಯಾಯಿತು.

ಕೆಲಸ ಅಂಥ ದೊಡ್ಡದೇನಲ್ಲ. ಯಾರು ಎಲ್ಲಿಂದ ಕಳಿಸಿದ ಮೇಲ್ ಆದರೂ ಹೊಸಪೇಟೆಯ ಸರ್ವರ್ ಹಾದೇ ಹೋಗಬೇಕು. ಹಾಯುವಾಗ ಅದು ಕಳಿಸಿದವರು ಯಾರೆಂದು ನೋಡಿ, ಸಿಬ್ಬಂದಿಯ ಪಟ್ಟಿಯಿಂದ ಅವರ ಹೆಸರು ಹುದ್ದೆಗಳನ್ನು ತೆಗೆದು, ಮೇಲ್‌ನ ಕೆಳಗೆ ಅಂಟಿಸಿ ಮುಂದಕ್ಕೆ ಬಿಡುತ್ತದೆ. ಅಂಚೆ ಕಚೇರಿಯಲ್ಲಿ ಕಾಗದದ ಮೇಲೆ ಠಸ್ಸೆ ಒತ್ತುತ್ತಾರಲ್ಲ, ಹಾಗೆ. ಕಾಗದ ಬರೆದವನಿಗೆ ಆ ಠಸ್ಸೆ ಕಾಣುವುದಿಲ್ಲ, ತಲುಪಿದವನಿಗೆ ಮಾತ್ರ ಕಾಣುತ್ತದೆ. ಇದೂ ಹಾಗೆಯೇ. ಕಳಿಸಿದವರ ಕಂಪ್ಯೂಟರಿನಲ್ಲಿ ಸಿಗ್ನೇಚರ್ ಇರುವುದೇ ಇಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ.

ಪಟ್ಟಿ ತುಂಬುವುದೇ ತಲೆನೋವಿನ ಕೆಲಸವಾಯಿತು. ಅದರಲ್ಲಿ ಹೆಸರಿಗೊಂದು ಖಾನೆ, ಮನೆತನದ ಹೆಸರಿಗೊಂದು ಖಾನೆ, ಎರಡೂ ಖಾಲಿ ಇರುವಂತಿಲ್ಲ. ನಮ್ಮ ಗಣಿಯ ಕಾಗದಪತ್ರಗಳಲ್ಲಿ ಎಲ್ಲರದೂ ಒಂದೇ ಧಾಟಿ, ಇಂಥವರು, ತಂದೆ ಇಂಥವರು. ಮನೆತನದ ಹೆಸರು ಕೇಳಿದರೆ ನಗುತ್ತಾರೆ. ಕೊನೆಗೆ ಬೇಸತ್ತು ಎರಡನೆಯ ಖಾನೆಯಲ್ಲಿ ಎಲ್ಲರ ತಂದೆಯ ಹೆಸರನ್ನೇ ಹಾಕಿದೆ. ಸಿಗ್ನೇಚರಿನಲ್ಲಿ ಮಾತ್ರ ತಂದೆಯ ಹೆಸರಿನ ಮೊದಲಕ್ಷರ ಬಂದರೆ ಸಾಕೆಂದು ವ್ಯವಸ್ಥೆ ಮಾಡಿದೆ. ಸಂಡೂರು ಗಣಿಯ ಆಫೀಸಿನ ರೇಣುಕಾ, ತಂದೆ ದುರುಗಪ್ಪ ಎಂಬ ಹುಡುಗಿ ಹಾಗೆ ಪಟ್ಟಿ ಸೇರಿದಳು. ಆಕೆಯ ಮೇಲ್ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ರೇಣುಕಾ ಡಿ., ಆಫೀಸ್ ಅಸಿಸ್ಟೆಂಟ್, ಅದರ ಕೆಳಗೆ ಫೋನ್ ನಂಬರು ಬರಬೇಕಿತ್ತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವ್ಯವಸ್ಥೆ ಚಾಲೂ ಮಾಡಿದೆ. ಗುಲಾಬಿಗಳು ಉದುರಿದವು, ಎಲ್ಲರೂ ಒಂದೇ ಅಚ್ಚಿನಲ್ಲಿ ಬಂದರು. ಹನ್ನೊಂದರ ಹೊತ್ತಿಗೆ ಚಹಾ ತರಿಸಿ ಕುಡಿಯುತ್ತಾ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದಾಗ, ಮ್ಯಾನೇಜರ್ ವೀರಭದ್ರಪ್ಪನವರು ಒಂದು ಹಾಳೆ ಹಿಡಿದು ಬಂದರು. ಆಫೀಸಿನ ಆಡಳಿತವೆಲ್ಲ ಅವರದೇ. ಹಣೆಗೆ ಮೂರು ಬೆರಳಿನ ವಿಭೂತಿ, ಅಂಗಿಯ ಕಿಸೆಯಲ್ಲಿ ಎರಡು ಮೊಬೈಲು, ದನಿ ಯಾವಾಗಲೂ ಎತ್ತರ. ಅವತ್ತು ಮಾತ್ರ ಬಾಗಿಲು ಮುಚ್ಚಿ ಸಣ್ಣ ದನಿಯಲ್ಲಿ ಕೇಳಿದರು.

"ಏನಪಾ ಎಂಜಿನಿಯರಾ, ಸತ್ತವರ ಕಡಿಂದ ರಿಪೋರ್ಟ್ ಕಳಸಾಕ ಹತ್ತೀಯೇನು?"

ಹಾಳೆಯಲ್ಲಿದ್ದದ್ದು ರೇಣುಕಾ ಸಂಡೂರಿನಿಂದ ದಿನವೂ ಕಳಿಸುವ ಗಣಿ ವರದಿ. ಎಷ್ಟು ಟನ್ ತೆಗೆದರು, ಎಷ್ಟು ಲಾರಿ ಹೋದವು, ಇಷ್ಟೇ. ಆದರೆ ಕೊನೆಗೆ ಇದ್ದ ಸಾಲುಗಳು ಹೀಗಿದ್ದವು: ದುರುಗಪ್ಪ. ಅದರ ಕೆಳಗೆ, ಡ್ರಿಲ್ಲರ್. ಫೋನ್ ಎಂಬಲ್ಲಿ ಖಾಲಿ.

ನನಗೆ ನಗು ಬಂತು. ತಂದೆಯ ಹೆಸರಿನ ಖಾನೆ ಎಲ್ಲೋ ಅದಲುಬದಲಾಗಿದೆ, ಐದು ನಿಮಿಷದಲ್ಲಿ ಸರಿ ಮಾಡುತ್ತೇನೆ ಎಂದೆ. ವೀರಭದ್ರಪ್ಪನವರು ನಗಲಿಲ್ಲ. ಕುರ್ಚಿ ಎಳೆದು ಕೂತು ಆ ದುರುಗಪ್ಪ ಯಾರೆಂದು ಹೇಳಿದರು. ಎರಡು ವರ್ಷದ ಹಿಂದೆ ಗಣಿಯಲ್ಲಿ, ಬಂಡೆಗೆ ತೂತು ಕೊರೆಯುವ ಡ್ರಿಲ್ ಯಂತ್ರದ ಹತ್ತಿರ, ಮೇಲಿನ ಮಣ್ಣು ಕುಸಿದು ಸತ್ತವನು. ಕಂಪನಿಯ ಹಾಜರಿ ಪುಸ್ತಕದಲ್ಲಿ ಅವನು ಹೆಲ್ಪರ್. ಡ್ರಿಲ್ ನಡೆಸಲು ತರಬೇತಿಯ ಸರ್ಟಿಫಿಕೇಟ್ ಬೇಕು, ಅವನಿಗೆ ಇರಲಿಲ್ಲ. ಹೆಲ್ಪರ್ ಒಬ್ಬ ತನ್ನ ಕೆಲಸ ಬಿಟ್ಟು ಹೋಗಬಾರದ ಜಾಗಕ್ಕೆ ಹೋಗಿದ್ದ ಎಂದು ಕಂಪನಿ ಸರ್ಕಾರದ ಸುರಕ್ಷತಾ ಕಚೇರಿಗೆ ಬರೆದುಕೊಟ್ಟಿತ್ತು. ಬರೆದು ಸಹಿ ಮಾಡಿದವರು ವೀರಭದ್ರಪ್ಪನವರೇ. ಆಮೇಲೆ ಮಾಲೀಕರು ಮನಸ್ಸು ಕರಗಿ ಮಗಳಿಗೆ ಆಫೀಸಿನಲ್ಲಿ ಕೆಲಸ ಕೊಟ್ಟಿದ್ದರು.

"ಅವನು ಡ್ರಿಲ್ಲರ್ ಅಂತ ಬರಕೊಡ್ರಿ ಅಂತ ತಾಯಿ ಮಗಳು ಎಷ್ಟ ಸಲ ಬಂದು ಕುಂತಿದ್ರು ಗೊತ್ತೈತೇನು? ಈಗ ನೋಡು, ಆಕೀನ ಬರಕೊಂಡಾಳ. ಈ ರಿಪೋರ್ಟು ಎಲ್ಲೆಲ್ಲಿ ಹೋಗೈತಿ ನೋಡು ಮ್ಯಾಲ."

ನೋಡಿದೆ. ವರದಿಯ ಪ್ರತಿ ದಿನವೂ ಹೋಗುವವರಲ್ಲಿ ಅದೇ ಸುರಕ್ಷತಾ ಕಚೇರಿಯೂ ಇತ್ತು. ಸರ್ಟಿಫಿಕೇಟ್ ಇಲ್ಲದವನ ಕೈಯಲ್ಲಿ ಡ್ರಿಲ್ ನಡೆಸಿದ್ದೆವು ಎಂದು ಕಂಪನಿಯೇ ಕಂಪನಿಯ ಮೇಲ್‌ನಲ್ಲಿ ಹೇಳಿಕೊಂಡ ಹಾಗಾಗಿತ್ತು. ಆಕೆಯೇ ಮಾಡಿದ್ದೆಂದು ಸೋಮವಾರದೊಳಗೆ ನಾನು ಬರೆದುಕೊಡಬೇಕು, ಆಕೆಯನ್ನು ತೆಗೆಯುವುದು ತಮ್ಮ ಕೆಲಸ ಎಂದು ಹೇಳಿ ವೀರಭದ್ರಪ್ಪನವರು ಎದ್ದರು. ಅವರು ಕೆಟ್ಟವರಲ್ಲ, ಹೆದರಿದ್ದರು.

ಬಾಗಿಲು ಮುಚ್ಚಿದ ಮೇಲೆ ಪಟ್ಟಿ ತೆರೆದೆ. ರೇಣುಕಾಳ ಸಾಲು ಸರಿಯಾಗಿಯೇ ಇತ್ತು. ಮೊದಲ ಖಾನೆಯಲ್ಲಿ ರೇಣುಕಾ, ಎರಡನೆಯದರಲ್ಲಿ ದುರುಗಪ್ಪ, ಮೂರನೆಯದರಲ್ಲಿ ಆಫೀಸ್ ಅಸಿಸ್ಟೆಂಟ್. ದುರುಗಪ್ಪ ಎಂಬ ಹೆಸರು ಒಳಗೆ ಬರಲು ಒಂದು ದಾರಿ ಇತ್ತು, ನಾನೇ ನನ್ನ ಕೈಯಾರೆ ತಂದಿದ್ದೆ. ಆದರೆ ಡ್ರಿಲ್ಲರ್? ಇಡೀ ಪಟ್ಟಿಯಲ್ಲಿ ಆ ಪದವನ್ನು ಹುಡುಕಿದೆ. ಒಂದೂ ಇಲ್ಲ. ಇರುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಕಂಪನಿಯಲ್ಲಿ ಡ್ರಿಲ್ಲರುಗಳಿಗೆ ಯಾರು ಮೇಲ್ ವಿಳಾಸ ಕೊಟ್ಟಿದ್ದರು? ಸರ್ವರಿನ ಹೊಟ್ಟೆಯಲ್ಲಿ ಇಲ್ಲದ ಪದವನ್ನು ಸರ್ವರ್ ಬರೆದಿತ್ತು.

ರೇಣುಕಾಳಿಗೆ ಫೋನ್ ಮಾಡಿ, ವಿಷಯ ಹೇಳದೆ, ಸುಮ್ಮನೆ ಒಂದು ಖಾಲಿ ಮೇಲ್ ಕಳಿಸಮ್ಮ ಎಂದೆ. ಬಂತು. ದುರುಗಪ್ಪ, ಡ್ರಿಲ್ಲರ್. ಇನ್ನೊಂದು ಕಳಿಸು ಎಂದೆ. ಮತ್ತೆ ಅದೇ. ಎಲ್ಲರ ಪಾಸ್‌ವರ್ಡೂ ನನ್ನ ಬಳಿ ಇರುತ್ತಿದ್ದ ಕಾಲವದು. ಆಕೆಯ ಹೆಸರಿನಲ್ಲಿ ನಾನೇ ಹೊಸಪೇಟೆಯಿಂದ ಒಂದು ಮೇಲ್ ಕಳಿಸಿ ನೋಡಿದೆ. ರೇಣುಕಾ ಡಿ., ಆಫೀಸ್ ಅಸಿಸ್ಟೆಂಟ್ ಎಂದು ಚೊಕ್ಕವಾಗಿ ಬಂತು. ಸಿಕ್ಕಿಬಿದ್ದಳು ಎಂದುಕೊಂಡೆ. ಏನೋ ಚಾಲಾಕಿತನ ಅಲ್ಲಿನ ಕಂಪ್ಯೂಟರಿನಲ್ಲಿಯೇ ನಡೆದಿದೆ. ನಿಜ ಹೇಳಬೇಕೆಂದರೆ, ಆಕೆಯ ನೌಕರಿ ಹೋಗುತ್ತದಲ್ಲ ಎಂಬ ಮರುಕಕ್ಕಿಂತ ಅದು ಎಂಥ ಚಾಲಾಕಿತನ ಎಂಬ ಕುತೂಹಲವೇ ನನಗೆ ಹೆಚ್ಚಿತ್ತು. ಕಂಪನಿಯ ಜೀಪು ಹತ್ತಿ ಸಂಡೂರಿಗೆ ಹೊರಟೆ.

ಅದಿರಿನ ಲಾರಿಗಳ ಸಾಲಿನಲ್ಲಿ ಸಿಕ್ಕಿ ಗಣಿ ಮುಟ್ಟುವಾಗ ಎರಡು ಗಂಟೆ. ಆಫೀಸೆಂದರೆ ಗುಡ್ಡದ ಬುಡದಲ್ಲಿ ತಗಡಿನ ಒಂದು ಶೆಡ್ಡು, ಒಳಗೆ ಎರಡು ಕಂಪ್ಯೂಟರ್ ಅಕ್ಕಪಕ್ಕ. ಒಂದರ ಮುಂದೆ ರೇಣುಕಾ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಮೇಜಿನ ಗಾಜಿನ ಕೆಳಗೆ ಬುದ್ಧನ ಒಂದು ಸಣ್ಣ ಚಿತ್ರ. ಎಮ್ಮಿಗನೂರಿನ ಕಡೆಯವರಂತೆ. ಅಲ್ಲಿ ಭತ್ತದ ಗದ್ದೆಯ ಕೂಲಿ ಬಿಟ್ಟು, ದುರುಗಪ್ಪ ಹೆಂಡತಿ ಮಗಳನ್ನು ಕಟ್ಟಿಕೊಂಡು ಗಣಿಗೆ ಬಂದಿದ್ದ. ಮಗಳು ಬಿ.ಕಾಂ. ಮುಗಿಸಿದ ವರ್ಷವೇ ಅವನು ಸತ್ತದ್ದು. ಆ ಮನೆತನದಲ್ಲಿ ಕುರ್ಚಿ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿದ್ದು ಆಕೆಗೇ ಮೊದಲು. ಆ ದುಡಿಮೆಯಲ್ಲಿಯೇ ತಾಯಿ ಮಗಳ ಬದುಕು. ಇದನ್ನೆಲ್ಲ ಫೋರ್‌ಮನ್ ಮಸ್ತಾನ್ ಸಾಬರು ಬಾಗಿಲಲ್ಲಿಯೇ ನನಗೆ ಹೇಳಿದರು. ಯಾಕೆ ಹೇಳಿದರೋ, ನನ್ನ ಮುಖದಲ್ಲಿ ಏನು ಕಂಡರೋ.

ಆಕೆಯನ್ನು ಎಬ್ಬಿಸಿ ಆಕೆಯ ಕಂಪ್ಯೂಟರಿನಲ್ಲಿ ನಾನು ಕೂತೆ. ಒಂದು ಗಂಟೆ ಜಾಲಾಡಿದೆ. ಕಳಿಸಿದ ಮೇಲ್‌ಗಳ ಪ್ರತಿ ತೆಗೆದು ನೋಡಿದರೆ ಕೆಳಗೆ ಏನೂ ಇಲ್ಲ, ಬರೀ ವರದಿ. ಅಂದರೆ ಆ ಸಾಲುಗಳು ಇಲ್ಲಿಂದ ಹೋಗಿಲ್ಲ, ಹೊಸಪೇಟೆಯಲ್ಲಿಯೇ ಬಿದ್ದಿವೆ. ಅಲ್ಲೇ ಕೂತು ಆಕೆಯ ಹೆಸರಿನಲ್ಲಿ ನಾನೊಂದು ಮೇಲ್ ಕಳಿಸಿ, ಪಕ್ಕದ ಕಂಪ್ಯೂಟರಿನಲ್ಲಿ ನನ್ನ ಖಾತೆ ತೆರೆದು ನೋಡಿದೆ. ರೇಣುಕಾ ಡಿ. ಎಂದು ಸರಿಯಾಗಿಯೇ ಬಂತು. ಈಗ ನೀನು ಕಳಿಸು ಎಂದೆ. ಆಕೆ ನಿಂತುಕೊಂಡೇ ಒಂದು ಪದ ಒತ್ತಿ ಕಳಿಸಿದಳು. ನನ್ನ ಕಣ್ಣೆದುರೇ ಪಕ್ಕದ ಪರದೆಯಲ್ಲಿ ಬಂತು. ದುರುಗಪ್ಪ, ಡ್ರಿಲ್ಲರ್.

ಜಾಗ ಬದಲಿಸಿದೆವು. ಆಕೆಯನ್ನು ಪಕ್ಕದ ಕಂಪ್ಯೂಟರಿಗೆ ಕೂರಿಸಿ ಅಲ್ಲಿಂದ ಕಳಿಸಲು ಹೇಳಿದೆ. ಮತ್ತೆ ದುರುಗಪ್ಪ. ಅದೇ ಕೀಲಿಮಣೆಯಿಂದ ನಾನು ಕಳಿಸಿದರೆ ರೇಣುಕಾ. ಮಸ್ತಾನ್ ಸಾಬರನ್ನು ಕರೆದು ಅವರಿಂದ ಒಂದು ಗುಂಡಿ ಒತ್ತಿಸಿದೆ, ಆಗಲೂ ರೇಣುಕಾ. ಮತ್ತೆ ಆಕೆ, ಮತ್ತೆ ದುರುಗಪ್ಪ. ಈ ವಿದ್ಯೆ ಗೊತ್ತಿಲ್ಲದವರಿಗೆ ಇದರ ವಿಚಿತ್ರ ಅರ್ಥವಾಗುವುದು ಕಷ್ಟ. ಕಂಪ್ಯೂಟರಿಗೆ ಹೆಸರು ಗೊತ್ತು, ಪಾಸ್‌ವರ್ಡ್ ಗೊತ್ತು. ಗುಂಡಿ ಒತ್ತುವ ಬೆರಳು ಯಾರದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮೂವತ್ತು ಕಿಲೋಮೀಟರ್ ಆಚೆ ಎಸಿ ಕೋಣೆಯಲ್ಲಿ ಕೂತ ಸರ್ವರಿಗಂತೂ ಗೊತ್ತಾಗಲು ಸಾಧ್ಯವೇ ಇಲ್ಲ. ಆದರೂ ಅದು ಒಮ್ಮೆಯೂ ತಪ್ಪದೆ ಗುರುತು ಹಿಡಿಯುತ್ತಿತ್ತು.

ಅಷ್ಟು ಹೊತ್ತೂ ಆಕೆಗೆ ಏನಾಗುತ್ತಿದೆ ಎಂದೇ ತಿಳಿದಿರಲಿಲ್ಲ. ಬರುತ್ತಿದ್ದ ಮೇಲ್‌ಗಳನ್ನು ನಾನು ಪರದೆ ನನ್ನ ಕಡೆ ತಿರುಗಿಸಿಕೊಂಡು ನೋಡುತ್ತಿದ್ದೆ. ಕೊನೆಗೆ ಆಕೆಯೇ ಕೇಳಿದಳು.

"ಏನಾಗೈತ್ರಿ ಸರ್? ನಂಗೂ ಒಮ್ಮೆ ತೋರಸ್ರಿ."

ತೋರಿಸಿದೆ. ಆಕೆ ಬಗ್ಗಿ ಓದಿದಳು. ಕಿರುಚಲಿಲ್ಲ, ಅಳಲಿಲ್ಲ. ಎರಡನೆಯ ಸಾಲಿನ ಕೆಳಗೆ ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡಳು. ಆಮೇಲೆ ಬಹಳ ಹೊತ್ತು ಆ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಮಸ್ತಾನ್ ಸಾಬರು ಬಗ್ಗಿ ನೋಡಿ, ಯಾ ಅಲ್ಲಾ ಎಂದು ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡರು.

ನನಗೆ ಸಿಟ್ಟು ಬಂತು. ತಿಳಿಯದಿದ್ದಾಗ ಸಿಟ್ಟಾಗುವುದು ನನ್ನ ಹುಟ್ಟುಗುಣ. ಹೇಗೆ ಮಾಡಿದೆ ಹೇಳು, ಇಲ್ಲದಿದ್ದರೆ ಸೋಮವಾರ ನಿನ್ನ ಕೆಲಸ ಹೋಗುತ್ತದೆ, ಹೇಳಿದರೆ ಏನಾದರೂ ದಾರಿ ಹುಡುಕಬಹುದು ಎಂದು ಜೋರು ಮಾಡಿದೆ. ಆಕೆ ನನ್ನನ್ನು ನೆಟ್ಟಗೆ ನೋಡಿದಳು.

"ನನಗ ಮಾಡಾಕ ಬರ್ತಿದ್ರ ಎರಡು ವರ್ಷ ಯಾಕ ಸುಮ್ಮನ ಇರ್ತಿದ್ದೆ ಸರ್?"

ಹಾಗಾದರೆ ಇದು ಏನು ಎಂದು ಆಕೆಯನ್ನೇ ಕೇಳಿದೆ. ದೆವ್ವ ಎಂದುಬಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಗೇಲಿ ಮಾಡಲು ಏನಾದರೂ ಸಿಗುತ್ತಿತ್ತು. ಆಕೆ ತಲೆಯಾಡಿಸಿದಳು.

"ನಮ್ಮ ಮನ್ಯಾಗ ದೆವ್ವ ದೇವ್ರು ಎರಡೂ ನಂಬಂಗಿಲ್ರಿ. ಅಪ್ಪನೂ ನಂಬ್ತಿರ್ಲಿಲ್ಲ. ಇದು ಏನಂತ ನೀವ ಹೇಳ್ಬೇಕು, ಕಲ್ತೋರು ನೀವು." ಪರದೆಯ ಕಡೆ ತಿರುಗಿ ಅಂದಳು, "ಹೆಲ್ಪರ್ ಅಂದ್ರ ನಮ್ಮಪ್ಪ ಸುಮ್ಮ ಸುಮ್ಮನ ಅಲ್ಲಿ ಹೋಗಿ ಸತ್ತ ಅಂದಂಗ್ರಿ. ಡ್ರಿಲ್ಲರ್ ಅಂದ್ರ ಕೆಲಸ ಮಾಡ್ತಾ ಸತ್ತ ಅಂದಂಗ. ನಮಗ ಬೇಕಾಗಿದ್ದು ಅದೊಂದ."

ನಾನು ಮಸ್ತಾನ್ ಸಾಬರ ಕಡೆ ನೋಡಿದೆ. ಅವರು ಹೊರಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲಿನಾಚೆ ಇಣುಕಿದರು. ಆಮೇಲೆ ಹಾಜರಿ ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದರು. ದುರುಗಪ್ಪ, ಹೆಲ್ಪರ್ ಎಂದು ತಿಂಗಳಿಂದ ತಿಂಗಳಿಗೆ ಬರೆದಿತ್ತು, ಬರೆದ ಕೈ ಅವರದೇ.

"ಪುಸ್ತಕದಾಗ ಹೆಲ್ಪರ್ ಸಾಬ್. ಗುಡ್ಡದ ಮ್ಯಾಲ ಆರು ವರ್ಷ ಡ್ರಿಲ್ ಹೊಡದಾನ. ಕಲಿಸಿದಾಂವ ನಾನ. ಸರ್ಟಿಫಿಕೇಟಿಗೆ ಕಳಸ್ರಿ ಅಂತ ಎರಡು ಸಲ ಹೇಳೀನಿ, ಆಮ್ಯಾಲ ನೋಡೂಣು ಅಂದ್ರು. ಅವತ್ತೂ ನಾನ ಹೋಗು ಅಂದಿದ್ದೆ, ಅದಕ್ಕ ಹೋಗಿದ್ದ." ಇಷ್ಟು ಹೇಳಿ ಪುಸ್ತಕ ಮುಚ್ಚಿದರು. "ಇದನ್ನ ನಾನು ಬರಕೊಡಾಂಗಿಲ್ಲ ಸಾಬ್. ನಂಗೂ ನಾಕು ಮಕ್ಕಳದಾವ."

ಹಾದಿಯುದ್ದಕ್ಕೂ ಲೆಕ್ಕ ಹಾಕುತ್ತಾ ಹೊಸಪೇಟೆಗೆ ಬಂದೆ. ಆಕೆ ಒತ್ತುವ ವೇಗ ಬೇರೆಯೇ? ಆಕೆ ಕಳಿಸಿದ ಹೊತ್ತಿಗೇ ಲೈನಿನಲ್ಲಿ ಏನಾದರೂ ಏರುಪೇರೇ? ಏನು ಹಿಡಿದರೂ ಹೆಸರಿನ ತನಕ ಬರುತ್ತಿತ್ತು, ಹುದ್ದೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಐದು ಗಂಟೆಗೆ ಆಫೀಸು ಮುಟ್ಟಿ ನಾನು ಬರೆದಿದ್ದ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಇಡೀ ವ್ಯವಸ್ಥೆಯನ್ನು ಕಿತ್ತುಹಾಕಿ, ಪಟ್ಟಿಯಿಂದ ಎಲ್ಲರ ತಂದೆಯ ಹೆಸರನ್ನೂ ಅಳಿಸಿ ಆ ಖಾನೆಯಲ್ಲಿ ಬರೀ ಒಂದು ಚುಕ್ಕೆ ಇಟ್ಟು, ಮೊದಲಿನಿಂದ ಮತ್ತೆ ಕಟ್ಟಿದೆ. ರೇಣುಕಾಳಿಗೆ ಫೋನ್ ಮಾಡಿ ಒಂದು ಮೇಲ್ ಕಳಿಸಮ್ಮ ಎಂದೆ. ರೇಣುಕಾ, ಆಫೀಸ್ ಅಸಿಸ್ಟೆಂಟ್ ಎಂದು ಬಂತು. ನನಗೆ ಸಂತೋಷವಾಗಬೇಕಿತ್ತು. ಏನನ್ನೋ ಒರೆಸಿ ಹಾಕಿದೆ ಅನ್ನಿಸಿತು. ಬರೀ ಹಾಗೆ ಅನ್ನಿಸಿತು, ಅಷ್ಟೇ. ಮೇಲ್ ಹೇಗೆ ಬಂತು ಎಂದು ಆಕೆ ಆ ಕಡೆಯಿಂದ ಕೇಳಿದಳು. ಸರಿಯಾಗಿ ಬಂತು ಎಂದೆ. ಆಯ್ತು ಬಿಡ್ರಿ ಎಂದು ಫೋನ್ ಇಟ್ಟಳು.

ಭಾನುವಾರವೆಲ್ಲ ಏನು ಬರೆಯಲಿ ಎಂದು ಒದ್ದಾಡಿದೆ. ಆಕೆ ಮಾಡಿದ್ದಾಳೆ ಎಂದು ಬರೆದರೆ ಅದು ಸುಳ್ಳು, ಆಕೆಯಿಂದ ಸಾಧ್ಯವೇ ಇಲ್ಲವೆಂದು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ. ಗೊತ್ತಿಲ್ಲ ಎಂದು ಬರೆದರೆ ವೀರಭದ್ರಪ್ಪನವರು ಆಕೆಯನ್ನು ಹೇಗೂ ಬಿಡುವುದಿಲ್ಲ. ಉಳಿದದ್ದು ಒಂದೇ ದಾರಿ, ತಪ್ಪು ನನ್ನದು ಎನ್ನುವುದು. ಸೋಮವಾರ ಅದನ್ನೇ ಬರೆದುಕೊಟ್ಟೆ. ಹೊಸ ವ್ಯವಸ್ಥೆ ಹೂಡುವಾಗ ನನ್ನ ಕೈತಪ್ಪಿನಿಂದ ಸದರಿ ಮೇಲ್‌ನಲ್ಲಿ ಹೆಸರು ಮತ್ತು ಹುದ್ದೆ ಎರಡೂ ತಪ್ಪಾಗಿ ಬಂದಿವೆ, ಸಂಡೂರಿನ ಸಿಬ್ಬಂದಿಗೂ ಇದಕ್ಕೂ ಸಂಬಂಧವಿಲ್ಲ, ಇಂತಿ ನಿಮ್ಮ ವಿಧೇಯ.

ವೀರಭದ್ರಪ್ಪನವರು ಎರಡು ಸಲ ಓದಿದರು. ಹುದ್ದೆ ಎಂಬ ಪದದ ಹತ್ತಿರ ಅವರ ಮುಖದ ಬಿಗಿ ಸಡಿಲಿದ್ದು ನನಗೆ ಕಂಡಿತು. "ಶಾಣ್ಯಾ ಇದ್ದೀಯಪಾ" ಎಂದು ನನ್ನ ಹೆಗಲು ತಟ್ಟಿದರು. ಆಕೆಯನ್ನು ಕೆಲಸದಿಂದ ತೆಗೆಯುವ ಮಾತು ಮತ್ತೆ ಬರಲಿಲ್ಲ. ನನಗೂ ಬೈಗುಳ ಬೀಳಲಿಲ್ಲ. ಒಂದು ಹುಡುಗಿಯ ಅನ್ನ ಉಳಿಸಿದೆನೆಂದು ಅವತ್ತು ಮನೆಗೆ ಮಿರ್ಚಿ ಕಟ್ಟಿಸಿಕೊಂಡು ಹೋದೆ.

ಹದಿನೈದು ದಿನ ಕಳೆದಿರಬೇಕು. ಯಾವುದೋ ಕಾಗದ ಕೊಡಲು ರೇಣುಕಾ ಹೊಸಪೇಟೆ ಆಫೀಸಿಗೆ ಬಂದವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಕುಂದ್ರಮ್ಮ ಎಂದೆ. ಕೂರಲಿಲ್ಲ.

"ನನ್ನ ನೌಕರಿ ಉಳಿಸಿದ್ರಿ ಸರ್. ನಮ್ಮವ್ವ ನಿಮಗ ಕೈ ಮುಗದೀನಿ ಅಂತ ಹೇಳು ಅಂದಾಳ."

ಇರಲಿ ಬಿಡಮ್ಮ ಎಂದೆ. ಆಕೆ ಹೋಗಲಿಲ್ಲ.

"ನೀವು ಬರದ ಕಾಗದ ಸುರಕ್ಷತಾ ಆಫೀಸಿಗೆ ಹೋಗೈತ್ರಿ. ಅದರ ಕಾಪಿ ನಮ್ಮ ಸೈಟಿಗೂ ಬಂತು, ಅಪ್ಪನ ಫೈಲಿನ್ಯಾಗ ಹಾಕು ಅಂತ. ಫೈಲ್ ಮಾಡಾಕಿ ನಾನ ಅಲ್ರಿ? ಓದಿದೆ. ಹೆಸರು ತಪ್ಪು ಅಂತ ಬರದೀರಿ, ಒಪ್ಪೀನಿ, ಮೇಲ್ ಕಳಿಸಿದಾಕಿ ರೇಣುಕಾ. ಹುದ್ದೆ ಯಾಕ್ರಿ ತಪ್ಪು? ಮಸ್ತಾನ್ ಸಾಬ್ರು ಹೇಳೂ ಮುಂದ ನೀವ ಅಲ್ಲಿ ಇದ್ದಿರಲ್ಲ."

ಆಕೆ ದನಿ ಏರಿಸಲಿಲ್ಲ, ಸಿಟ್ಟೂ ಇರಲಿಲ್ಲ, ಲೆಕ್ಕ ತಿಳಿಯದ ಹುಡುಗಿ ಮಾಸ್ತರರನ್ನು ಕೇಳುವ ಹಾಗೆ ಕೇಳಿದಳು.

"ಮೊದಲು ಕಂಪನಿ ಕಾಗದದಾಗ ಅಪ್ಪ ಡ್ರಿಲ್ಲರ್ ಅಂತ ಇರ್ಲಿಲ್ಲ, ಅಷ್ಟ. ಈಗ ಡ್ರಿಲ್ಲರ್ ಅಲ್ಲ ಅಂತ ಐತ್ರಿ. ಯಾಕ ಹಂಗ ಬರದ್ರಿ ಸರ್?"

"ಗೊತ್ತಿಲ್ಲಮ್ಮ" ಎಂದೆ.

ಆಕೆ ತಲೆಯಾಡಿಸಿ ಹೋದಳು. ಒಂದೆರಡು ವರ್ಷದಲ್ಲಿ ಗಣಿಗಳೇ ನಿಂತವು, ಕಂಪನಿ ಬಾಗಿಲು ಹಾಕಿತು, ಸರ್ವರ್ ಯಾವ ಗುಜರಿಗೆ ಹೋಯಿತೋ. ರೇಣುಕಾ ಬೇರೆಲ್ಲೋ ಕೆಲಸ ಹಿಡಿದಳೆಂದು ಕೇಳಿದೆ. ನಾನೂ ಬೇರೆ ಬೇರೆ ಕಡೆ ಇದೇ ಕೆಲಸ ಮಾಡುತ್ತಾ ಬಂದಿದ್ದೇನೆ, ನನಗಿಂತ ತಿಳಿದವರನ್ನು ಕಂಡಿದ್ದೇನೆ. ಗೆಳೆಯನಿಗೆ ಆದದ್ದು ಎಂದು ಸುಳ್ಳು ಹೇಳಿ ಅವರನ್ನು ಕೇಳಿಯೂ ನೋಡಿದ್ದೇನೆ. ಒಬ್ಬರು ಹಳೆಯ ಯಾವುದೋ ಪಟ್ಟಿ ಉಳಿದಿರಬೇಕು ಎಂದರು. ದುರುಗಪ್ಪ ಸತ್ತ ಮೇಲೆ ಬಂದ ಸರ್ವರ್ ಅದು, ಮೊದಲ ಪಟ್ಟಿ ಮಾಡಿದವನೂ ನಾನೇ. ಇನ್ನೊಬ್ಬರು ನಿಮ್ಮ ಗೆಳೆಯ ಆ ಹುಡುಗಿಯ ಕತೆ ಮೊದಲೇ ಕೇಳಿದ್ದು, ತಿಳಿಯದೆ ತಾನೇ ಟೈಪ್ ಮಾಡಿರಬೇಕು ಎಂದರು. ಕೆಲವು ದಿನ ಅದನ್ನು ನಂಬಲು ಪ್ರಯತ್ನಪಟ್ಟೆ. ಆದರೆ ಬೆರಳಿನ ಮಾತಿಗೆ ಯಾರ ಬಳಿಯೂ ಉತ್ತರವಿಲ್ಲ. ಈಗಲೂ ದೆವ್ವವನ್ನು ನಾನು ನಂಬುವುದಿಲ್ಲ. ಏನನ್ನು ನಂಬಬೇಕೆಂದೂ ತಿಳಿದಿಲ್ಲ.

ಆ ಎರಡು ಸಾಲು ಎಲ್ಲಿಂದ ಬಂದವು ಎಂದು ಕೇಳಿದರೆ, ಗೊತ್ತಿಲ್ಲ ಎನ್ನುತ್ತೇನೆ, ಅದು ನಿಜ. ಯಾಕೆ ಹಾಗೆ ಬರೆದಿರಿ ಎಂದು ಅವತ್ತು ಬಾಗಿಲಲ್ಲಿ ನಿಂತು ಕೇಳಿದ ಹುಡುಗಿಗೂ ನಾನು ಕೊಟ್ಟದ್ದು ಅದೇ ಉತ್ತರ. ಅದು ನಿಜವಾಗಿರಲಿಲ್ಲ.